ಕಸೂತಿಯೊಳಗೆ ಬೆಳಕಿನ ಮಂಡಲ: ಕರಕುಶಲ ಉದ್ದಿಮೆಗೆ ಹೊಸ ಸರಕು, ಹೊಸ ಹೊಣೆ

ಬೆಂಗಳೂರಿನ ಚಿಕ್ಕಪೇಟೆಯ ಜವಳಿ ಮಳಿಗೆಗಳಿಗೂ ಎಸ್.ಪಿ. ರಸ್ತೆಯ ವಿದ್ಯುನ್ಮಾನ ಬಿಡಿಭಾಗಗಳ ಅಂಗಡಿಗಳಿಗೂ ಇರುವ ಅಂತರ ಕೆಲವೇ ನಿಮಿಷಗಳ ನಡಿಗೆಯಷ್ಟು. ಆದರೂ ಈ ಎರಡು ವ್ಯಾಪಾರಗಳು ದಶಕಗಳ ಕಾಲ ಪರಸ್ಪರ ಪರಿಚಯವಿಲ್ಲದೆಯೇ ನಡೆದುಬಂದಿವೆ. ಜರಿ, ಗೋಟು, ಕನ್ನಡಿ, ಮಣಿಗಳನ್ನು ಮಾರುವವರು ರೋಧಕ, ಡಯೋಡುಗಳ ಗೊಡವೆಗೆ ಹೋದವರಲ್ಲ. ಡಯೋಡು ಮಾರುವವರಿಗೆ ದಾರದ ಎಳೆಗಳ ಲೆಕ್ಕ ಬೇಕಾಗಿರಲಿಲ್ಲ. ಇಬ್ಬರನ್ನೂ ಒಂದೇ ಸರಕಿನ ತಯಾರಿಕೆಯಲ್ಲಿ ಜೊತೆಗೂಡಿಸುವ ಕಸುಬೊಂದು ಕಳೆದ ಎರಡು ದಶಕಗಳಲ್ಲಿ ರೂಪುಗೊಂಡಿದೆ. ವಿದ್ಯುತ್ ಹರಿಯಬಲ್ಲ ದಾರವನ್ನು ಸೂಜಿಗೆ ಪೋಣಿಸಿ, ಅದರಿಂದಲೇ ಸಣ್ಣ ಎಲ್‌ಇಡಿ ದೀಪಗಳನ್ನು ಬಟ್ಟೆಗೆ ಹೊಲಿದು, ಒಂದು ಬ್ಯಾಟರಿಯ ಬಲದಿಂದ ಕಸೂತಿಯನ್ನು ಬೆಳಗಿಸುವುದೇ ಆ ಕಸುಬು. ಗೋಡೆಯ ತೂಗುಪಟ, ಮೆತ್ತೆಯ ಹೊದಿಕೆ, ಕೈಚೀಲ, ಬಟ್ಟೆಯ ಗೊಂಬೆ, ರಂಗಸಜ್ಜಿಕೆಯ ಉಡುಪು ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಇಂತಹ ವಸ್ತುಗಳನ್ನು ತಯಾರಿಸಲು ದೊಡ್ಡ ಬಂಡವಾಳ ಬೇಡ, ವಿದ್ಯುಚ್ಛಕ್ತಿಯ ಸಂಪರ್ಕವೂ ಬೇಡ, ವಿಶೇಷ ಯಂತ್ರವೂ ಬೇಡ. ಈ ಕಾರಣದಿಂದಲೇ ಇದನ್ನು ಸುಲಭದ ವ್ಯಾಪಾರವೆಂದು ಭಾವಿಸುವವರು ಹಲವರು. ಸರಕು ತಯಾರಿಸುವುದು ಸುಲಭವೇ ಹೌದು. ಮಾರಾಟವಾದ ಸರಕು ಹಿಂದಿರುಗಿ ಬಾರದಂತೆ ನೋಡಿಕೊಳ್ಳುವುದು ಮಾತ್ರ ಅಷ್ಟು ಸುಲಭವಲ್ಲ.

ಜರಿಯಿಂದ ಆರಂಭವಾದ ಪ್ರಯೋಗ

ಈ ಕಸುಬಿನ ಇತಿಹಾಸವನ್ನು ಕೆದಕಿದರೆ ಅದರ ಬೇರು ಭಾರತೀಯ ನೇಕಾರರಿಗೆ ಚಿರಪರಿಚಿತವಾದ ಸಾಮಗ್ರಿಯೊಂದಕ್ಕೆ ತಲುಪುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಎಂಬ ಸಂಶೋಧಕರು ಬಟ್ಟೆಯನ್ನೇ ವಿದ್ಯುತ್ ಮಂಡಲವನ್ನಾಗಿ ಮಾಡುವ ತಮ್ಮ ಪ್ರಯೋಗಗಳ ವಿವರವನ್ನು 1997ರಲ್ಲಿ ಪ್ರಕಟಿಸಿದರು. ಅವರು ಬಳಸಿದ ವಸ್ತ್ರಗಳಲ್ಲಿ ಮುಖ್ಯವಾದುದು ಲೋಹದ ಎಳೆಯುಳ್ಳ ತೆಳು ರೇಷ್ಮೆಯ ಆರ್ಗಾಂಜಾ. ಅದರ ಹಾಸು ಶುದ್ಧ ರೇಷ್ಮೆ. ಹೊಕ್ಕಿನ ಎಳೆ ರೇಷ್ಮೆಯ ದಾರದ ಮೇಲೆ ತಾಮ್ರದ ತೆಳುಪಟ್ಟಿಯನ್ನು ಸುರುಳಿಯಾಗಿ ಸುತ್ತಿದ್ದು. ರೇಷ್ಮೆಯ ತಿರುಳಿನ ಮೇಲೆ ಲೋಹದ ಪಟ್ಟಿಯನ್ನು ಸುತ್ತುವ ಈ ವಿಧಾನ ಜರಿಯ ವಿಧಾನವಲ್ಲದೆ ಬೇರೆಯಲ್ಲ. ಅಲಂಕಾರಕ್ಕಾಗಿ ನಮ್ಮಲ್ಲಿ ತಲೆಮಾರುಗಳಿಂದ ನೇಯುತ್ತ ಬಂದಿದ್ದ ರಚನೆಯನ್ನು ಆ ಸಂಶೋಧಕರು ತಂತಿಯ ಸ್ಥಾನದಲ್ಲಿ ಕಂಡರು. ಹೊಕ್ಕಿನ ಒಂದೊಂದು ಎಳೆಯೂ ಪಕ್ಕದ ಎಳೆಯಿಂದ ಬೇರೆಯಾಗಿರುವುದರಿಂದ ಇಡೀ ಬಟ್ಟೆ ಹಲವು ತಂತಿಗಳ ಚಪ್ಪಟೆ ಕೇಬಲ್ಲಿನಂತೆ ಕೆಲಸ ಮಾಡಬಲ್ಲದೆಂಬುದು ಅವರ ಮುಖ್ಯ ಕಾಣ್ಕೆ.

ಅದೇ ಪ್ರಯೋಗಾಲಯದಿಂದ ಮಿಂಚುಹುಳದ ಹೆಸರಿನ ಉಡುಪೊಂದು ಹೊರಬಂದಿತು. ಎರಡು ಪದರದ ಆರ್ಗಾಂಜಾದಲ್ಲಿ ಒಂದು ಪದರ ಧನ, ಇನ್ನೊಂದು ಋಣ. ತೊಟ್ಟವರು ನಡೆದಾಡಿದಂತೆ ನಡುವೆ ಇರುವ ದೀಪಗಳ ತುದಿಗಳು ಎರಡೂ ಪದರಗಳನ್ನು ಮುಟ್ಟಿ ಮಿನುಗುತ್ತಿದ್ದವು. ಮತ್ತೊಂದು ಪ್ರಯೋಗದಲ್ಲಿ ಡೆನಿಮ್ ಜಾಕೆಟ್ಟಿನ ಮೇಲೆ ತುಕ್ಕು ಹಿಡಿಯದ ಉಕ್ಕಿನ ನಾರಿರುವ ದಾರದಿಂದ ಕಸೂತಿ ಮಾಡಿದ ಅಂಕಿಗಳ ಫಲಕವನ್ನು ಒತ್ತಿದರೆ ಸಂಗೀತ ಹೊಮ್ಮುತ್ತಿತ್ತು. ಆ ಕಸೂತಿಗೆ ಬಳಸಿದ್ದು ಸಾಮಾನ್ಯ ಕಸೂತಿ ಯಂತ್ರವನ್ನೇ ಎಂಬುದು ತಯಾರಕರು ಗಮನಿಸಬೇಕಾದ ಅಂಶ.

ಹಾಗಾದರೆ ಇಂದು ಪೇಟೆಯಲ್ಲಿ ದೊರೆಯುವ ಜರಿಯಿಂದ ದೀಪ ಉರಿಸಬಹುದೇ? ಉತ್ತರ ಜರಿಯ ಜಾತಿಯನ್ನು ಅವಲಂಬಿಸುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆ ಸೀರೆಗಳಲ್ಲಿ ಬಳಸುವ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ ಮತ್ತು ಶೇ. 0.65ರಷ್ಟು ಚಿನ್ನ ಇರುತ್ತದೆ. ಇಂತಹ ಅಸಲಿ ಜರಿ ಉತ್ತಮ ವಾಹಕ. ತಾಮ್ರದ ಎಳೆಗೆ ಬೆಳ್ಳಿಯ ಲೇಪ ಕೊಟ್ಟ ನಕಲಿ ಜರಿಯೂ, ಮೇಲೆ ಮೆರುಗೆಣ್ಣೆ ಇಲ್ಲದಿದ್ದರೆ, ವಿದ್ಯುತ್ತನ್ನು ಹರಿಸುತ್ತದೆ. ಇಂದು ಅಗ್ಗದ ಮಾಲಿನಲ್ಲೆಲ್ಲ ಬಳಕೆಯಲ್ಲಿರುವ ಪ್ಲಾಸ್ಟಿಕ್ ಜರಿಯಾದರೋ ಲೋಹದ ಹೊಳಪು ಕೊಟ್ಟ ಪಾಲಿಯೆಸ್ಟರ್ ಪಟ್ಟಿ. ಅದರ ಹೊರಮೈಯಲ್ಲಿ ವಾಹಕ ಗುಣವನ್ನು ನಿರೀಕ್ಷಿಸುವಂತಿಲ್ಲ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಎಳೆಯ ಎರಡು ಕಡೆ ಮುಟ್ಟಿಸಿದರೆ ಗೊತ್ತಾಗಿಬಿಡುತ್ತದೆ. ಆದರೆ ಇದನ್ನೇ ಅಸಲಿ ಜರಿಯ ಪರೀಕ್ಷೆಯೆಂದು ಗಿರಾಕಿಗಳಿಗೆ ತೋರಿಸುವ ಪ್ರಲೋಭನೆಗೆ ಯಾರೂ ಒಳಗಾಗಬಾರದು. ತಾಮ್ರಕ್ಕೂ ಬೆಳ್ಳಿಗೂ ಮೀಟರು ಒಂದೇ ರೀತಿ ಕೂಗುತ್ತದೆ.

ಅಸಲಿ ಜರಿಯಿಂದ ಮಂಡಲ ಕಟ್ಟಲು ಬೆಲೆಯೊಂದೇ ಅಡ್ಡಿಯಲ್ಲ. ಜರಿಗೆ ಹೊದಿಕೆಯಿಲ್ಲ. ಬಟ್ಟೆ ಮಡಿಸಿದಾಗ ಧನ ಎಳೆಯೂ ಋಣ ಎಳೆಯೂ ಒಂದನ್ನೊಂದು ಮುಟ್ಟಿ ಶಾರ್ಟ್ ಆಗುತ್ತದೆ. ಕಾಲಕ್ರಮದಲ್ಲಿ ಬೆಳ್ಳಿ ಕಪ್ಪಾದಂತೆ ಎಳೆಗಳು ಮುಟ್ಟುವ ಕಡೆಗಳಲ್ಲಿ ಸಂಪರ್ಕ ಕೆಡುತ್ತದೆ. ಸೀರೆಯ ಸೆರಗಿಗೆ ದೀಪ ಹಾಕಿಸಿಕೊಡಿ ಎಂದು ಕೇಳುವ ಗಿರಾಕಿಗೆ ಈ ಎರಡನ್ನೂ ಮೊದಲೇ ತಿಳಿಸುವುದು ಲೇಸು.

ನೈದಿಲೆಯ ಎಲೆ ಮತ್ತು ಹೊಸ ಗಿರಾಕಿಗಳು

ಪ್ರಯೋಗಾಲಯದಲ್ಲಿದ್ದ ವಿದ್ಯೆ ಮಾರುಕಟ್ಟೆಯ ಸರಕಾದದ್ದು 2007ರಲ್ಲಿ. ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಆವರಣದಲ್ಲಿ ಸಂಶೋಧನೆ ನಡೆಸುತ್ತಿದ್ದ ಲೀಯಾ ಬ್ಯೂಕ್ಲಿ ಅವರು ಬಟ್ಟೆಗೆ ನೇರವಾಗಿ ಹೊಲಿಯಬಹುದಾದ ಪುಟ್ಟ ಗಣಕ ಫಲಕವೊಂದನ್ನು ರೂಪಿಸಿದ್ದರು. ಅದೇ ಊರಿನ ಸ್ಪಾರ್ಕ್‌ಫನ್ ಎಲೆಕ್ಟ್ರಾನಿಕ್ಸ್ ಎಂಬ ಬಿಡಿಭಾಗಗಳ ಸಂಸ್ಥೆ ಅದನ್ನು ಲಿಲಿಪ್ಯಾಡ್ ಆರ್ಡುಯಿನೊ ಎಂಬ ಹೆಸರಿನಲ್ಲಿ, ಅಂದರೆ ನೈದಿಲೆಯ ಎಲೆಯ ಹೆಸರಿನಲ್ಲಿ, ಮಾರಾಟಕ್ಕೆ ತಂದಿತು. ಸುಮಾರು 5 ಸೆಂಟಿಮೀಟರ್ ಅಗಲದ, ನೇರಳೆ ಬಣ್ಣದ ದುಂಡು ಬಿಲ್ಲೆ ಅದು. ಅಂಚಿನಲ್ಲಿ ಹೂವಿನ ದಳಗಳಂತೆ ಹರಡಿದ ಲೋಹದ ಕಿವಿಗಳು. ಒಂದೊಂದು ಕಿವಿಗೂ ಸೂಜಿ ತೂರುವಷ್ಟು ರಂಧ್ರ. ಬೆಸುಗೆ ಹಾಕುವ ಕಾವಿನ ಅಗತ್ಯವಿಲ್ಲ, ಗುಂಡಿ ಹೊಲಿಯಬಲ್ಲವರು ಇದನ್ನೂ ಹೊಲಿಯಬಲ್ಲರು. 2012ರಲ್ಲಿ ನ್ಯೂಯಾರ್ಕಿನ ಅಡಾಫ್ರೂಟ್ ಸಂಸ್ಥೆಯು ಫ್ಲೋರಾ ಎಂಬ ಇಂತಹದೇ ಫಲಕವನ್ನು ತಂದಿತು.

ವ್ಯಾಪಾರಿಯ ದೃಷ್ಟಿಯಿಂದ ಮುಖ್ಯವಾದ ಸಂಗತಿ 2010ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿದೆ. ಬ್ಯೂಕ್ಲಿ ಮತ್ತು ಬೆಂಜಮಿನ್ ಮಾಕೊ ಹಿಲ್ ಅವರು ಈ ಫಲಕವನ್ನು ಬಳಸಿ ಜನರು ತಯಾರಿಸಿದ ವಸ್ತುಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಮಹಿಳೆಯರ ಕೆಲಸವೆಂದು ಕಂಡುಬಂದಿತು. ಅದೇ ಬಗೆಯ ಸಾಮಾನ್ಯ ಆರ್ಡುಯಿನೊ ಫಲಕದ ವಿಷಯದಲ್ಲಿ ಮಹಿಳೆಯರ ಪಾಲು ತೀರ ಅಲ್ಪವಾಗಿತ್ತು. ಒಳಗಿನ ವಿದ್ಯುನ್ಮಾನ ಎರಡರಲ್ಲೂ ಬಹುಮಟ್ಟಿಗೆ ಒಂದೇ. ಆಕಾರ, ಬಣ್ಣ ಹಾಗೂ ಜೋಡಿಸುವ ವಿಧಾನ ಬದಲಾದಾಗ ಅದುವರೆಗೆ ಅಂಗಡಿಗೆ ಕಾಲಿಡದಿದ್ದ ಗಿರಾಕಿ ವರ್ಗವೊಂದು ಬಂದಿತು. ಬಿಡಿಭಾಗಗಳ ವ್ಯಾಪಾರದಲ್ಲಿರುವವರು ಇದನ್ನು ಎರಡು ಬಾರಿ ಓದಿಕೊಳ್ಳಬಹುದು.

ಅದೇ ಕಾಲದಲ್ಲಿ ಐಷಾರಾಮಿ ತುದಿಯಲ್ಲೂ ಕೆಲಸ ನಡೆದಿತ್ತು. ಲಂಡನ್ನಿನ ಕ್ಯೂಟ್‌ಸರ್ಕ್ಯೂಟ್ ಸಂಸ್ಥೆ ಷಿಕಾಗೊ ನಗರದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯಕ್ಕಾಗಿ 24,000 ಎಲ್‌ಇಡಿಗಳುಳ್ಳ ಉಡುಪೊಂದನ್ನು ತಯಾರಿಸಿತ್ತು. ನೋಡಲು ಸೊಗಸು, ಸಣ್ಣ ಉದ್ದಿಮೆಗೆ ಮಾದರಿಯಲ್ಲ.

ಆದೇಶ ಬರೆದು ನಡೆಸುವ ಇಂತಹ ಫಲಕವೂ ಹೆಚ್ಚಿನ ಕರಕುಶಲ ವಸ್ತುಗಳಿಗೆ ಬೇಕಿಲ್ಲ. ಒಂದು ಬ್ಯಾಟರಿ, ಒಂದು ಸ್ವಿಚ್ಚು, ನಾಲ್ಕಾರು ದೀಪ, ಒಂದಿಷ್ಟು ವಾಹಕ ದಾರ ಸಾಕು.

ದಾರದ ಲೆಕ್ಕ

ವಾಹಕ ದಾರಗಳಲ್ಲಿ ಎರಡು ಮುಖ್ಯ ಬಗೆಗಳಿವೆ: ನೈಲಾನ್ ಎಳೆಗೆ ಬೆಳ್ಳಿಯ ಲೇಪ ಕೊಟ್ಟದ್ದು ಮತ್ತು ತುಕ್ಕು ಹಿಡಿಯದ ಉಕ್ಕಿನ ನಾರಿನಿಂದ ಹೊಸೆದದ್ದು. ಮೊದಲನೆಯದು ಮೃದು, ಸೂಜಿಯಲ್ಲಿ ಸರಾಗವಾಗಿ ಓಡುತ್ತದೆ, ಆದರೆ ಒಗೆತದಲ್ಲಿ ಲೇಪ ಸವೆಯುತ್ತದೆ. ಎರಡನೆಯದು ಒಗೆತಕ್ಕೆ ಜಗ್ಗುವುದಿಲ್ಲ, ಕಪ್ಪಾಗುವುದಿಲ್ಲ. ಆದರೆ ಒರಟು, ತುದಿ ಬಿಚ್ಚಿಕೊಳ್ಳುತ್ತದೆ, ಗಂಟು ಸಡಿಲವಾಗುತ್ತದೆ. ಎರಡರಲ್ಲೂ ತಾಮ್ರದ ತಂತಿಗೆ ಹೋಲಿಸಿದರೆ ರೋಧ ಬಹಳ ಹೆಚ್ಚು. ಸಾಮಾನ್ಯ ಉಕ್ಕಿನ ದಾರದಲ್ಲಿ ಅಡಿಯೊಂದಕ್ಕೆ 10ರಿಂದ 30 ಓಮ್‌ಗಳಷ್ಟು ರೋಧ ಇರುತ್ತದೆ.

ಈ ಅಂಕಿಯ ಪರಿಣಾಮವೇನೆಂಬುದನ್ನು ಲೆಕ್ಕ ಹಾಕದೆ ಮಾದರಿ ತಯಾರಿಸಿದವರು ಮೊದಲ ದಿನವೇ ಪೇಚಿಗೆ ಸಿಲುಕುತ್ತಾರೆ. ದೀಪವು ಬ್ಯಾಟರಿಯಿಂದ ಒಂದು ಅಡಿ ದೂರದಲ್ಲಿದೆಯೆಂದುಕೊಳ್ಳೋಣ. ಹೋಗುವ ದಾರ ಒಂದಡಿ, ಮರಳುವ ದಾರ ಒಂದಡಿ. ಅಡಿಗೆ 30 ಓಮ್ ಎಂದರೆ ಒಟ್ಟು 60. ಅದರಲ್ಲಿ 10 ಮಿಲಿಆಂಪಿಯರ್ ಹರಿದರೆ 0.6 ವೋಲ್ಟ್ ದಾರದಲ್ಲೇ ಕರಗಿಹೋಗುತ್ತದೆ. ಮೂರು ವೋಲ್ಟಿನ ಗುಂಡಿ ಬ್ಯಾಟರಿಯಿಂದ ದೀಪಕ್ಕೆ ತಲುಪುವುದು 2.4 ವೋಲ್ಟ್. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕಾದ್ದರಿಂದ ಅದು ಉರಿಯುತ್ತದೆ. ಬಿಳಿ ಅಥವಾ ನೀಲಿ ಎಲ್‌ಇಡಿಗೆ ಬೇಕಾಗುವುದು 3 ವೋಲ್ಟಿನ ಆಸುಪಾಸು. ಅದರಷ್ಟು ಪ್ರವಾಹವನ್ನು ಎಳೆದುಕೊಳ್ಳಲಾಗದೆ ಅದು ಮಂಕಾಗುತ್ತದೆ. ಕೆಂಪು ಮತ್ತು ನೀಲಿ ದೀಪಗಳನ್ನು ರೋಧಕವಿಲ್ಲದೆ ಒಂದೇ ಜೋಡಿ ದಾರಕ್ಕೆ ಸಮಾಂತರವಾಗಿ ಹೊಲಿದರಂತೂ ಕೆಂಪು ದೀಪವೇ ಪ್ರವಾಹವನ್ನೆಲ್ಲ ನುಂಗಿ, ನೀಲಿ ಕಣ್ಣೇ ತೆರೆಯುವುದಿಲ್ಲ. ದೀಪ ಸುಟ್ಟಿದೆಯೆಂದು ಕಸೂತಿ ಬಿಚ್ಚಿ ಹೊಸದು ಹಾಕಿದರೂ ಫಲ ಅಷ್ಟೇ.

ಬ್ಯಾಟರಿಯ ಲೆಕ್ಕವೂ ಇಷ್ಟೇ ಕಟ್ಟುನಿಟ್ಟು. ಸಿ.ಆರ್. 2032 ಎಂಬ ಗುಂಡಿ ಬ್ಯಾಟರಿಯ ಹೆಸರಿನಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ. ಆದರೆ ಈ ಅಂಕಿ ಅತ್ಯಲ್ಪ ಪ್ರವಾಹ ಎಳೆದಾಗ ಮಾತ್ರ ನಿಜ. ನಾಲ್ಕು ದೀಪಗಳು ತಲಾ 2 ಮಿಲಿಆಂಪಿಯರಿನಂತೆ 8 ಎಳೆದರೆ ಕಾಗದದ ಮೇಲೆ 27 ಗಂಟೆ ಬರುತ್ತದೆ, ಅನುಭವದಲ್ಲಿ ಅದಕ್ಕಿಂತ ಕಡಿಮೆ. ದೀಪಾವಳಿಯ ಮೂರು ಸಂಜೆಗೆ ಸಾಕು. ಹೋಟೆಲಿನ ಸ್ವಾಗತ ಕೊಠಡಿಯಲ್ಲಿ ದಿನವಿಡೀ ತೂಗುವ ಪಟಕ್ಕೆ ಸಾಲದು. ಅಂತಹ ಕಡೆ ತ್ರಿಪಲ್-ಎ ಬ್ಯಾಟರಿಗಳ ಗೂಡನ್ನು ಹಿಂಬದಿಗೆ ಹೊಲಿಯುವುದೇ ಸರಿ.

ಹೊಲಿಗೆಯ ಕ್ರಮವನ್ನು ಚುಟುಕಾಗಿ ಹೇಳುವುದಾದರೆ: ಎಲ್‌ಇಡಿಯ ಎರಡು ಕಾಲುಗಳನ್ನು ಇಕ್ಕುಳದಿಂದ ಸುರುಳಿ ಸುತ್ತಿ ಕುಣಿಕೆ ಮಾಡಲಾಗುತ್ತದೆ. ಉದ್ದ ಕಾಲು ಧನವಾದ್ದರಿಂದ ಅದನ್ನು ದುಂಡಗೆ, ಗಿಡ್ಡ ಕಾಲನ್ನು ಚೌಕವಾಗಿ ಸುತ್ತುವ ರೂಢಿಯಿದೆ. ಆ ಮೇಲೆ ಓದು ಬಾರದವರಿಗೂ ತಪ್ಪುವುದಿಲ್ಲ. ಕುಣಿಕೆಯ ಮೂಲಕ ದಾರವನ್ನು ಮೂರು ನಾಲ್ಕು ಬಾರಿ ಬಿಗಿಯಾಗಿ ಸುತ್ತಿ ಮುಂದಿನ ದೀಪಕ್ಕೆ ಸಾಗಬೇಕು. ಗಂಟಿನ ಬಾಲವನ್ನು ತೀರ ಗಿಡ್ಡವಾಗಿ ಕತ್ತರಿಸಿ ಅಂಟಿನ ಹನಿ ಹಾಕಬೇಕು. ಯಂತ್ರದಲ್ಲಿ ಹೊಲಿಯುವವರು ವಾಹಕ ದಾರವನ್ನು ಕೆಳಗಿನ ಬಾಬಿನ್ನಿಗೆ ಸುತ್ತಿ, ಮೇಲೆ ಸಾಮಾನ್ಯ ದಾರವನ್ನೇ ಉಳಿಸಿಕೊಂಡರೆ ಎಳೆ ತುಂಡಾಗುವ ಕಾಟ ಕಡಿಮೆ.

ಗಾವಂತಿಯ ಲಾಭ, ಗಂಟಿನ ತೊಡಕು

ಉತ್ತರ ಕರ್ನಾಟಕದ ಕಸೂತಿ ಬಲ್ಲ ಮಹಿಳೆಯರಿಗೆ ಈ ಕೆಲಸ ಒಂದು ದೃಷ್ಟಿಯಿಂದ ತೀರ ಸಹಜ, ಇನ್ನೊಂದು ದೃಷ್ಟಿಯಿಂದ ತಿರುಗುಮುರುಗು. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಾರಿ ಸಾಗಿ, ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ವಾಹಕ ದಾರದಲ್ಲಿ ಗಾವಂತಿ ಹಾಕಿದರೆ ಎರಡು ಎಳೆಗಳು ಅಕ್ಕಪಕ್ಕ ಓಡಿದಂತಾಗಿ ಆ ದಾರಿಯ ರೋಧ ಬಹುತೇಕ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಕಳೆದುಹೋದ 0.6 ವೋಲ್ಟ್ 0.3 ಆಗುತ್ತದೆ. ಒಂದು ಕಡೆ ಎಳೆ ಕಡಿದರೂ ಜೊತೆಯ ಎಳೆ ಪ್ರವಾಹವನ್ನು ಕಾಯುತ್ತದೆ. ಎಂಜಿನಿಯರಿಂಗ್ ಪದವೀಧರರು ದುಬಾರಿ ದಾರ ಹುಡುಕಿ ಪರಿಹರಿಸಿಕೊಳ್ಳುವ ತೊಂದರೆಯನ್ನು ಧಾರವಾಡದ ಹಳೆಯ ಹೊಲಿಗೆಯೊಂದು ತಾನಾಗಿಯೇ ಪರಿಹರಿಸುತ್ತದೆ.

ತೊಡಕಿರುವುದು ಬೇರೆಡೆ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಗಾವಂತಿ, ಮುರ್ಗಿ ಎರಡೂ ಬಟ್ಟೆಯ ಎರಡು ಬದಿಯಲ್ಲಿ ಒಂದೇ ರೀತಿ ಕಾಣಬೇಕು. ವಿದ್ಯುತ್ ಮಂಡಲಕ್ಕಾದರೋ ಪ್ರತಿ ದೀಪದ ಬಳಿಯೂ ಬಿಗಿಯಾದ ಸುತ್ತು ಬೇಕು, ಹಿಂಬದಿಯ ಬರಿ ಎಳೆಗಳನ್ನು ಅಸ್ತರಿನಿಂದಲೋ ಬಟ್ಟೆಯ ಬಣ್ಣದಿಂದಲೋ ಮುಚ್ಚಬೇಕು. ಎರಡೂ ಬದಿ ಒಂದೇ ಎಂಬ ಕಸೂತಿಯ ಹೆಮ್ಮೆ ಅಸ್ತರಿನ ಕೆಳಗೆ ಅಡಗಿಹೋಗುತ್ತದೆ. ಆದ್ದರಿಂದ ಕಸೂತಿಯನ್ನು ರೇಷ್ಮೆ ದಾರದಲ್ಲಿ ಅದರ ಪಾಡಿಗೆ ಪೂರ್ಣವಾಗಿ ಮಾಡಿಸಿ, ದೀಪಗಳ ಪದರವನ್ನು ಬೇರೆ ಬಟ್ಟೆಯ ಮೇಲೆ ಹೊಲಿದು ಹಿಂದಿನಿಂದ ಜೋಡಿಸುವುದು ಉತ್ತಮ ಮಾರ್ಗವೆಂದು ತೋರುತ್ತದೆ.

ಸಂಡೂರಿನ ಲಂಬಾಣಿ ಕಸೂತಿಯ ವಿಷಯ ಬೇರೆ. ದಪ್ಪ ಬಟ್ಟೆ, ಕನ್ನಡಿ, ಕವಡೆ, ನಾಣ್ಯಗಳ ಭಾರ ಹೊರುವ ಹೊಲಿಗೆ, ಪದರಗಳ ಮೇಲೆ ಪದರ. ದಾರವನ್ನೂ ಬ್ಯಾಟರಿಯನ್ನೂ ಅಡಗಿಸಲು ಇದಕ್ಕಿಂತ ಅನುಕೂಲವಾದ ನೆಲೆ ಇಲ್ಲ. ಕನ್ನಡಿಯ ಪಕ್ಕದಲ್ಲಿ ಒಂದು ಸಣ್ಣ ದೀಪವಿದ್ದರೆ ಬೆಳಕು ಇಮ್ಮಡಿಯಾಗಿ ಕಾಣುತ್ತದೆ, ದೀಪಗಳ ಸಂಖ್ಯೆ ತಗ್ಗಿಸಬಹುದು, ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಲೋಹದ ನಾಣ್ಯ, ಗೆಜ್ಜೆಗಳು ಮಾತ್ರ ವಾಹಕ ದಾರವನ್ನು ಮುಟ್ಟದಂತೆ ನೋಡಿಕೊಳ್ಳಬೇಕು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಹೆಸರು ಹೊರದೇಶಗಳಲ್ಲಿ ಪರಿಚಿತವಾಗುತ್ತಿರುವ ಈ ಹೊತ್ತಿನಲ್ಲಿ ಆ ಹೆಸರಿನ ಮೇಲೆ ಕೆಟ್ಟುಹೋಗುವ ಸರಕನ್ನು ಕಳುಹಿಸಿದರೆ ನಷ್ಟ ಒಬ್ಬ ವ್ಯಾಪಾರಿಯದಷ್ಟೇ ಆಗಿ ಉಳಿಯುವುದಿಲ್ಲ.

ನೂರಕ್ಕೆ ಒಂದು ಗಂಟು

ಈ ಸರಕಿನ ಲಾಭನಷ್ಟ ನಿರ್ಧಾರವಾಗುವುದು ಗಂಟುಗಳಲ್ಲಿ. ಹನ್ನೆರಡು ದೀಪಗಳ ಒಂದು ತೂಗುಪಟಕ್ಕೆ, ಬ್ಯಾಟರಿ ಗೂಡಿನ ಜೋಡಣೆಗಳನ್ನು ಬಿಟ್ಟೂ, 24 ಸಂಪರ್ಕಗಳಿವೆ. ನುರಿತ ಕೈಯಿಂದಲೂ ನೂರರಲ್ಲಿ ಒಂದು ಸಂಪರ್ಕ ಸಡಿಲವಾಗುತ್ತದೆಂದು ಇಟ್ಟುಕೊಂಡರೆ, ಎಲ್ಲ 24 ಸಂಪರ್ಕಗಳೂ ಸರಿಯಾಗಿರುವ ಪಟಗಳು ನೂರಕ್ಕೆ 79 ಮಾತ್ರ. ಉಳಿದ 21 ಪಟಗಳಲ್ಲಿ ಎಲ್ಲೋ ಒಂದು ದೀಪವಾದರೂ ಕತ್ತಲೆ. ಹೊಲಿಗೆಯ ದೃಷ್ಟಿಯಿಂದ ನೂರಕ್ಕೆ ಒಂದು ತಪ್ಪು ಪ್ರಶಂಸನೀಯ. ಮಂಡಲದ ದೃಷ್ಟಿಯಿಂದ ಅದು ಐದರಲ್ಲೊಂದು ಸರಕಿನ ತಿರಸ್ಕಾರ. ಸಡಿಲ ಸಂಪರ್ಕ ಸಾವಿರಕ್ಕೆ ಒಂದಕ್ಕೆ ಇಳಿದರೆ ದೋಷಯುಕ್ತ ಪಟಗಳು ನೂರಕ್ಕೆ ಎರಡು ಮೂರಕ್ಕೆ ಇಳಿಯುತ್ತವೆ.

ಆ ಮಟ್ಟ ತಲುಪಲು ಪ್ರತಿ ದೀಪ ಹೊಲಿದಾಗಲೂ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು, ಬಟ್ಟೆಯನ್ನು ಮಡಿಸಿ, ಎಳೆದು, ಮತ್ತೆ ಪರೀಕ್ಷಿಸಬೇಕು. ಇದಕ್ಕೆ ಸಮಯ ಬೇಕು. ಕಸೂತಿಯ ಕೂಲಿ ಬಹುತೇಕ ಕಡೆ ತುಂಡಿನ ಲೆಕ್ಕದಲ್ಲಿ ನಡೆಯುವುದರಿಂದ ಪರೀಕ್ಷೆಯ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ. ಹಣವಿಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಪರೀಕ್ಷೆಗೆ ಪ್ರತ್ಯೇಕ ದರ ಗೊತ್ತುಪಡಿಸದೆ ಈ ಸರಕಿಗೆ ಕೈಹಾಕುವುದು ತರವಲ್ಲ. ಎರಡು ಮೂರು ರೂಪಾಯಿಯ ದೀಪವೊಂದು ಕೆಟ್ಟ ಕಾರಣಕ್ಕೆ ವಾರಗಟ್ಟಲೆಯ ಸೂಜಿ ಕೆಲಸ ಮೂಲೆ ಸೇರುವುದಾದರೆ, ಅದರ ಹೊರೆ ಕೊನೆಗೆ ಸೂಜಿ ಹಿಡಿದವರ ಮೇಲೆಯೇ ಬೀಳುವುದು ಈ ವ್ಯಾಪಾರದ ಹಳೆಯ ಚಾಳಿ.

ಇದಕ್ಕೆ ಪರಿಹಾರ ಹೊಲಿಗೆ ಪೆಟ್ಟಿಗೆಯಲ್ಲಿಯೇ ಇದೆ. ಲೋಹದ ಪ್ರೆಸ್ ಬಟನ್ನು ಒಳ್ಳೆಯ ವಿದ್ಯುತ್ ಸಂಪರ್ಕವೂ ಹೌದು. ಬ್ಯಾಟರಿ ಗೂಡನ್ನೂ ದೀಪಗಳ ಪದರವನ್ನೂ ಪ್ರೆಸ್ ಬಟನ್ನುಗಳಿಂದ ಕಸೂತಿಯ ಹಿಂದೆ ಕೂರಿಸಿದರೆ, ಒಗೆಯುವಾಗ ಬಿಚ್ಚಬಹುದು, ಕೆಟ್ಟರೆ ಪದರವನ್ನಷ್ಟೇ ಬದಲಿಸಬಹುದು, ಬೇಸರವಾದರೆ ದೀಪವಿಲ್ಲದೆಯೂ ಬಳಸಬಹುದು. ಮೂವತ್ತು ವರ್ಷ ಬಾಳುವ ಕಸೂತಿಯನ್ನು ಎರಡು ಮೂರು ವರ್ಷ ಬಾಳುವ ಮಂಡಲಕ್ಕೆ ಬಿಡಿಸಲಾಗದಂತೆ ಗಂಟುಹಾಕುವುದು ವಿವೇಕವಲ್ಲ.

ದೊಡ್ಡವರ ಅನುಭವವೂ ಇದನ್ನೇ ತೋರಿಸಿದೆ. ಗೂಗಲ್ ಸಂಸ್ಥೆಯು ಲೀವೈಸ್ ಜೊತೆಗೂಡಿ ವಾಹಕ ನೂಲನ್ನು ತೋಳಿನಲ್ಲಿ ನೇಯ್ದ ಜಾಕೆಟ್ಟನ್ನು 2017ರಲ್ಲಿ 350 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ತೋಳನ್ನು ಸವರಿದರೆ ಮೊಬೈಲಿನಲ್ಲಿ ಹಾಡು ಬದಲಾಗುತ್ತಿತ್ತು. 2023ರಲ್ಲಿ ಅದಕ್ಕೆ ಬೇಕಾದ ಮೊಬೈಲ್ ತಂತ್ರಾಂಶದ ಸೇವೆಯನ್ನು ನಿಲ್ಲಿಸಲಾಯಿತು. ಜಾಕೆಟ್ಟು ಹರಿದಿರಲಿಲ್ಲ, ನೂಲು ಕೆಟ್ಟಿರಲಿಲ್ಲ. ಅದು ಕೇವಲ ಜಾಕೆಟ್ಟಾಗಿ ಉಳಿಯಿತು.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸುವುದು ಅಗತ್ಯ. ತೆಳು ತಾಮ್ರದ ತಂತಿಯಲ್ಲಿ ಸಾಸಿವೆಯಷ್ಟು ದೀಪಗಳನ್ನು ಕೂರಿಸಿದ ಸಿದ್ಧ ಸರಗಳು ಈಗ ಎಲ್ಲೆಡೆ ಅಗ್ಗವಾಗಿ ದೊರೆಯುತ್ತವೆ. ಅವುಗಳ ತಂತಿಗೆ ಎನಾಮಲ್ ಹೊದಿಕೆ ಇರುವುದರಿಂದ ಶಾರ್ಟ್ ಆಗುವ ಭಯ ಕಡಿಮೆ, ರೋಧವೂ ನಗಣ್ಯ. ಚೌಕಟ್ಟಿಗೆ ಬಿಗಿದ ಗೋಡೆಪಟ, ದೀಪದ ಬುರುಡೆ, ಹಬ್ಬದ ತೋರಣಗಳಿಗೆ ವಾಹಕ ದಾರದ ಹಂಗೇ ಬೇಡ. ಈ ಸರವನ್ನು ಅಸ್ತರಿನೊಳಗೆ ಟಾಕು ಹಾಕಿದರೆ ಕೆಲಸ ಮುಗಿಯಿತು. ಬಟ್ಟೆ ಬಳುಕಬೇಕಾದ, ಮೈಗೆ ತಾಗುವ, ಹೊಲಿಗೆಯೇ ಮಂಡಲವಾಗಿ ಕಾಣಬೇಕಾದ ವಸ್ತುಗಳಲ್ಲಿ ಮಾತ್ರ ವಾಹಕ ದಾರಕ್ಕೆ ತೆರುವ ಹೆಚ್ಚಿನ ಬೆಲೆ ಸಾರ್ಥಕ.

ಗುಂಡಿ ಬ್ಯಾಟರಿಯ ಸುತ್ತಲಿನ ಕಾನೂನು

ಬಟ್ಟೆಯ ವ್ಯಾಪಾರಿಗೆ ಹೊಸದಾಗಿ ಎದುರಾಗುವ ಹೊಣೆಗಳಲ್ಲಿ ಗುರುತರವಾದುದು ಗುಂಡಿ ಬ್ಯಾಟರಿಯದು. ಮಗುವೊಂದು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಸುತ್ತಲಿನ ತೇವದ ಮೂಲಕವೇ ವಿದ್ಯುತ್ ಹರಿದು ಋಣ ಬದಿಯಲ್ಲಿ ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಗಳೊಳಗೆ ಒಳಗಿನ ಅಂಗಾಂಶ ಸುಟ್ಟುಹೋಗಬಹುದು. ಇದು ವಿಷಪ್ರಾಶನವಲ್ಲ, ಸುಟ್ಟ ಗಾಯ. ದೀಪ ಉರಿಸಲಾರದಷ್ಟು ಸೋತ ಬ್ಯಾಟರಿಯಿಂದಲೂ ಈ ಅಪಾಯ ತಪ್ಪಿದ್ದಲ್ಲ.

ಈ ಕಾರಣದಿಂದ ಆಸ್ಟ್ರೇಲಿಯಾದಲ್ಲಿ 2022ರ ಜೂನ್ 22ರಿಂದ ಗುಂಡಿ ಬ್ಯಾಟರಿಯಿರುವ ಗ್ರಾಹಕ ವಸ್ತುಗಳಿಗೆ ಕಡ್ಡಾಯ ಸುರಕ್ಷತಾ ಮಾನಕ ಜಾರಿಯಲ್ಲಿದೆ. ಅಮೆರಿಕದಲ್ಲಿ ಹೀಗೆ ಮೃತಪಟ್ಟ ಮಗುವೊಂದರ ಹೆಸರಿನಲ್ಲಿ ರೀಸ್ ಕಾನೂನು 2022ರ ಆಗಸ್ಟ್‌ನಲ್ಲಿ ಬಂದಿತು. 2024ರ ಮಾರ್ಚ್ 19ರ ನಂತರ ತಯಾರಾದ ಅಥವಾ ಆಮದಾದ ವಸ್ತುಗಳಿಗೆ ಅದರ ನಿಯಮ ಅನ್ವಯಿಸುತ್ತದೆ. ಬ್ಯಾಟರಿ ಗೂಡನ್ನು ತೆರೆಯಲು ತಿರುಪುಳಿ ಅಥವಾ ನಾಣ್ಯದಂತಹ ಸಾಧನ ಬೇಕು, ಇಲ್ಲವೇ ಎರಡು ಬೇರೆ ಬೇರೆ ಕೈಚಲನೆಗಳನ್ನು ಏಕಕಾಲಕ್ಕೆ ಮಾಡಬೇಕಾಗಿರಬೇಕು. ವಸ್ತುವಿನ ಮೇಲೆಯೂ ಪೊಟ್ಟಣದ ಮೇಲೆಯೂ ಎಚ್ಚರಿಕೆಯ ಬರಹ ಇರಬೇಕು. ವೆಲ್ಕ್ರೊ ಅಂಟಿಸಿದ ಬಟ್ಟೆಯ ಜೇಬಿನಲ್ಲಿ ಗುಂಡಿ ಬ್ಯಾಟರಿ ಇಟ್ಟು ರಫ್ತು ಮಾಡುವ ಕಾಲ ಮುಗಿಯಿತೆಂದೇ ಇದರ ಅರ್ಥ. ತಿರುಪು ಮುಚ್ಚಳದ ಸಿದ್ಧ ಗೂಡನ್ನು ಬಳಸುವುದು, ಸಾಧ್ಯವಾದಲ್ಲಿ ಗುಂಡಿ ಬ್ಯಾಟರಿಯನ್ನೇ ಬಿಟ್ಟು ತ್ರಿಪಲ್-ಎಗೆ ಬದಲಾಯಿಸುವುದು ಒಳಿತು.

ದೇಶದೊಳಗೆ ಆಟಿಕೆಗಳ ಗುಣನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದ್ದು, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಅನ್ವಯಿಸುತ್ತದೆ. ಬಟ್ಟೆಯ ಗೊಂಬೆಗೆ ಕಣ್ಣಿನ ಸ್ಥಾನದಲ್ಲಿ ಎರಡು ದೀಪ ಹೊಲಿದ ಕ್ಷಣದಿಂದ ಅದು ವಿದ್ಯುತ್ ಆಟಿಕೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ 2020ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ವಿನಾಯಿತಿ ನೀಡಲಾಗಿದೆ. ಆ ವಿನಾಯಿತಿ ಕುಶಲಕರ್ಮಿಗೆ ಸೇರಿದ್ದು. ಅವರಿಂದ ಕೊಂಡು ತನ್ನ ಹೆಸರಿನ ಚೀಟಿ ಅಂಟಿಸುವ ವ್ಯಾಪಾರಿ ಅದು ತನಗೂ ದೊರೆಯುತ್ತದೆಂದು ಭಾವಿಸಿ ಸರಕು ತುಂಬಿಸಿಕೊಳ್ಳಬಾರದು.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಉಪಕರಣದೊಳಗೆ ಇಟ್ಟು ತನ್ನ ಮುದ್ರೆಯಲ್ಲಿ ಮಾರುವವನೂ, ಬ್ಯಾಟರಿ ಇರುವ ಉಪಕರಣವನ್ನು ಆಮದು ಮಾಡುವವನೂ ಉತ್ಪಾದಕನ ವ್ಯಾಖ್ಯೆಯೊಳಗೆ ಬರುತ್ತಾನೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಅತಿಸಣ್ಣ ಉದ್ಯಮಗಳಿಗೆ ವಿನಾಯಿತಿ ಇದೆ. ಬ್ಯಾಟರಿ ಸೇರಿಸದೆ ಖಾಲಿ ಗೂಡಿನೊಂದಿಗೆ ಮಾರುವ ಪದ್ಧತಿ ಹಲವರಿಗೆ ಅನುಕೂಲವಾದೀತು. ತಮ್ಮ ವಹಿವಾಟಿನ ಗಾತ್ರಕ್ಕೆ ಯಾವುದು ಅನ್ವಯಿಸುತ್ತದೆಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯುವುದು ಕ್ಷೇಮ.

ತೆರಿಗೆಯ ವಿಚಾರದಲ್ಲಿ, ದೀಪ ಸೇರಿದ ಮೇಲೂ ಸರಕು ಜವಳಿಯ ಅಧ್ಯಾಯದಲ್ಲೇ ಉಳಿಯುತ್ತದೆಂಬ ಖಾತರಿಯಿಲ್ಲ. ದೀಪಗಳಿಗೆ 94ನೆಯ ಅಧ್ಯಾಯವಿದೆ, ಆಟಿಕೆ ಹಾಗೂ ಹಬ್ಬದ ಸಾಮಗ್ರಿಗಳಿಗೆ 95ನೆಯದಿದೆ. ವಸ್ತುವಿನ ಪ್ರಧಾನ ಗುಣ ಯಾವುದೆಂಬುದರ ಮೇಲೆ ವರ್ಗೀಕರಣ ನಿಲ್ಲುತ್ತದೆ. ಬೆಲೆ ಪಟ್ಟಿ ಮುದ್ರಿಸುವ ಮೊದಲೇ ಲೆಕ್ಕಪರಿಶೋಧಕರ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ವಿಮಾನದ ಮೂಲಕ ಮಾದರಿ ಕಳುಹಿಸುವವರು ಲಿಥಿಯಂ ಬ್ಯಾಟರಿಯ ಸಾಗಣೆ ನಿಯಮವನ್ನು ಮರೆಯಬಾರದು. ಬಿಡಿ ಲಿಥಿಯಂ ಲೋಹದ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಅದೇ ಗುಂಡಿ ಬ್ಯಾಟರಿ ವಸ್ತುವಿನ ಗೂಡಿನೊಳಗೆ ಕುಳಿತಿದ್ದರೆ ನಿಯಮ ಬಹಳ ಸಡಿಲ. ಅಂತಹ ಪೊಟ್ಟಣಕ್ಕೆ ಲಿಥಿಯಂ ಬ್ಯಾಟರಿಯ ವಿಶೇಷ ಗುರುತು ಕೂಡ ಬೇಕಾಗುವುದಿಲ್ಲ. ಹೆಚ್ಚುವರಿ ಬ್ಯಾಟರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸೂತಿಯ ಜೊತೆ ಹಾಕುವ ಸೌಜನ್ಯದಿಂದ ಇಡೀ ಪಾರ್ಸೆಲ್ಲು ತಡೆಹಿಡಿಯಲ್ಪಡಬಹುದು. ಬ್ಯಾಟರಿಯನ್ನು ಗೂಡಿನಲ್ಲೇ ಇರಿಸಿ, ಸಾಗಣೆಯಲ್ಲಿ ದೀಪ ಹೊತ್ತಿಕೊಳ್ಳದಂತೆ ಸಂಪರ್ಕದ ನಡುವೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸೇರಿಸಿ, ಅದನ್ನು ಎಳೆದು ತೆಗೆಯುವ ವಿಧಾನವನ್ನು ಚೀಟಿಯಲ್ಲಿ ಚಿತ್ರಸಹಿತ ಮುದ್ರಿಸಿ ಕಳುಹಿಸತಕ್ಕದ್ದು.